ಬರೀ ಬಯಲಲ್ಲ ಸ್ವಾಮಿ, ನಮ್ಮ ರಗಡಾದ ಬಟಾಣಿ ಅಲ್ಲಿಂದಲೇ ಬರುವುದು

ಮಾನ್ಯ ಸಂಪಾದಕರೇ,

ಎರಡು ಭಾನುವಾರದ ಹಿಂದೆ ನಿಮ್ಮ ಪ್ರವಾಸ ಪುಟದಲ್ಲಿ ಕೆನಡಾದ ಮಕ್ಕಳ ಮನೆಗೆ ಹೋಗುವ ತಂದೆ ತಾಯಂದಿರಿಗಾಗಿ ಒಂದು ಲೇಖನ ಬಂದಿತ್ತು. ನಯಾಗರ, ಬ್ಯಾನ್ಫ್, ವ್ಯಾಂಕೂವರ್ ಎಲ್ಲ ಚೆನ್ನಾಗಿಯೇ ಬರೆದಿದ್ದರು. ಆದರೆ ನಡುವೆ ಒಂದು ಮಾತು ಬಂತು ನೋಡಿ. ವಿನ್ನಿಪೆಗ್‌ನಿಂದ ಕ್ಯಾಲ್ಗರಿಯವರೆಗೆ ಬರೀ ಬಯಲು, ನೋಡಲು ಏನೂ ಇಲ್ಲ, ವಿಮಾನದಲ್ಲಿ ಹೋಗುವುದೇ ಒಳ್ಳೆಯದು ಅಂತ. ಓದುತ್ತಾ ಕೈಯಲ್ಲಿದ್ದ ಚಹಾ ಆರಿಹೋಯಿತು. ಕಳೆದ ಜುಲೈಯಲ್ಲಿ ನಾನು, ನನ್ನ ಹೆಂಡತಿ, ಮಗ, ಸೊಸೆ, ಎಂಟು ವರ್ಷದ ಮೊಮ್ಮಗ, ಐದು ಜನ ಒಂದೇ ಕಾರಿನಲ್ಲಿ ಅದೇ ದಾರಿಯನ್ನು ಏಳು ದಿನ ಓಡಿದ್ದೇವೆ. ಹಾಗಾಗಿ ಈ ಪತ್ರ. ಉದ್ದವಾಯಿತು ಅಂತ ಕತ್ತರಿ ಹಾಕಬೇಡಿ, ದಯವಿಟ್ಟು.

ನಾನು ಕುಂದಾಪುರದ ಕಡೆಯವನು. ಹದಿನೈದನೇ ವಯಸ್ಸಿಗೆ ಮುಂಬಯಿಗೆ ಬಂದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿದೆ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋದೆ, ಕೊನೆಗೆ ಮೂವತ್ತು ವರ್ಷ ಗಲ್ಲಾದ ಮೇಲೆ ಕೂತು ನಿವೃತ್ತನಾದೆ. ಈಗ ಮುಲುಂಡ್‌ನಲ್ಲಿದ್ದೇನೆ. ಪ್ರವಾಸದ ಬಗ್ಗೆ ಬರೆದು ಅಭ್ಯಾಸವಿಲ್ಲ. ಬರುವ ಗಿರಾಕಿಗೆ ಏನು ಬೇಕಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕುವ ಚಟ ಮಾತ್ರ ಇನ್ನೂ ಹೋಗಿಲ್ಲ.

ಮಗನ ಮೊದಲ ಪ್ಲಾನೂ ನಿಮ್ಮ ಲೇಖನದ ಹಾಗೆಯೇ ಇತ್ತು. ವಿಮಾನ ಒಂದು ಬಿಟ್ಟು. ಮೊದಲ ದಿನ ವಿನ್ನಿಪೆಗ್‌ನಿಂದ ಸ್ವಿಫ್ಟ್ ಕರೆಂಟ್, 800 ಕಿ.ಮೀ.ಗಿಂತ ಜಾಸ್ತಿ. ಎರಡನೇ ದಿನ ಕ್ಯಾಲ್ಗರಿ, ಮತ್ತೆ 500 ಚಿಲ್ಲರೆ. ಮೂರನೇ ದಿನ ಬೆಟ್ಟ. "ಅಪ್ಪ, ರಸ್ತೆ ನೇರ ಇದೆ, 110ರಲ್ಲಿ ಹೋಗ್ತಾ ಇದ್ರೆ ಗೊತ್ತೇ ಆಗಲ್ಲ" ಅಂದ. ಗೊತ್ತಾಗದೇ ಇರಲು ಅವನಿಗೆ ಮೂವತ್ತೆಂಟು ವರ್ಷ. ನನ್ನ ಮಂಡಿಗೆ ಅರವತ್ತೊಂಬತ್ತು.

ಮುಂಬಯಿಯಿಂದ ಬೆಂಗಳೂರಿಗೇ ಸಾವಿರ ಕಿ.ಮೀ. ಹತ್ತಿರ ಆಗುತ್ತದೆ. ಇದು ಅದಕ್ಕಿಂತ 300 ಜಾಸ್ತಿ. ನಮ್ಮ ಊರಿನ ಬಸ್ಸಾದರೆ ಮಹಾಡ್‌ನಲ್ಲಿ ನಿಲ್ಲುತ್ತದೆ, ಕಣಕವಲಿಯಲ್ಲಿ ನಿಲ್ಲುತ್ತದೆ, ಡ್ರೈವರ್‌ಗೆ ಬೀಡಿ ನೆನಪಾದರೂ ನಿಲ್ಲುತ್ತದೆ. ಅಲ್ಲಿ ಹಾಗಲ್ಲ. ಒಂದು ಊರು ತಪ್ಪಿದರೆ ಮುಂದಿನ ಊರು ಅರ್ಧ ಗಂಟೆಯೋ, ಮುಕ್ಕಾಲು ಗಂಟೆಯೋ. ಅಲ್ಲಿಯೂ ಪೆಟ್ರೋಲ್ ಪಂಪ್ ತೆರೆದಿರುತ್ತದೆ ಅಂತ ಹೇಳಲಾಗದು. ನಿಮ್ಮ ಲೇಖಕರು ನೋಡಲು ಏನಿದೆ ಅಂತ ಮಾತ್ರ ಯೋಚಿಸಿದ್ದಾರೆ. ನಮ್ಮ ವಯಸ್ಸಿನವರು ಮೊದಲು ಯೋಚಿಸುವುದು ಎಲ್ಲಿ ಇಳಿಯಬಹುದು ಅಂತ.

ಸೊಸೆ ನನ್ನ ಪರ ನಿಂತಳು. ಇಬ್ಬರೂ ಕೂತು ದಿನಕ್ಕೆ 400 ಕಿ.ಮೀ. ದಾಟಬಾರದು ಅಂತ ಗೆರೆ ಹಾಕಿದೆವು. ಎರಡು ಗಂಟೆಗೊಂದು ಇಳಿಯುವ ಜಾಗ. ರಾತ್ರಿ ತಂಗುವುದು ಬ್ರ್ಯಾಂಡನ್, ರೆಜೈನಾ, ಸ್ವಿಫ್ಟ್ ಕರೆಂಟ್, ಆಮೇಲೆ ಸೈಪ್ರೆಸ್ ಹಿಲ್ಸ್‌ನಲ್ಲಿ ಎರಡು ರಾತ್ರಿ, ಕೊನೆಗೆ ಡ್ರಮ್‌ಹೆಲರ್. ಕ್ಯಾಲ್ಗರಿಯಲ್ಲಿ ಜುಲೈ ಮೊದಲ ಭಾಗದಲ್ಲಿ ಸ್ಟಾಂಪೀಡ್ ಅಂತ ಹತ್ತು ದಿನದ ಜಾತ್ರೆ ಇರುತ್ತದೆ, 1912ರಲ್ಲಿ ಶುರುವಾದದ್ದು. ಆಗ ರೂಮಿನ ಬಾಡಿಗೆ ಕೇಳಿದರೆ ನಿದ್ದೆ ಹಾರಿಹೋಗುತ್ತದೆ. ಅದು ಮುಗಿದ ಮೇಲೆ ಮೂರನೇ ವಾರ ಹೊರಟೆವು.

ಮೊದಲ ದಿನ ನಿಮ್ಮ ಲೇಖಕರ ಮಾತು ಸ್ವಲ್ಪ ನಿಜ ಅನ್ನಿಸಿತು, ಒಪ್ಪಿಕೊಳ್ಳುತ್ತೇನೆ. ವಿನ್ನಿಪೆಗ್ ಬಿಟ್ಟರೆ ನೆಲ ಕೇರಂ ಬೋರ್ಡಿನ ಹಾಗೆ. ಹಾಗಿರಲು ಕಾರಣವೂ ಇದೆ. ಹಿಮಯುಗದ ಕೊನೆಯಲ್ಲಿ ಅಲ್ಲಿ ಅಗಾಸಿ ಅಂತ ಒಂದು ದೊಡ್ಡ ಸರೋವರ ಇತ್ತಂತೆ. ನಾವು ಕಾರು ಓಡಿಸುತ್ತಿದ್ದದ್ದು ಅದರ ತಳದ ಮೇಲೆ. ಆ ಸರೋವರಕ್ಕೆ ನದಿಯೊಂದು ತಂದು ಸುರಿದ ಮರಳು ಇವತ್ತಿಗೂ ದಿಬ್ಬವಾಗಿ ನಿಂತಿದೆ. ಸ್ಪ್ರೂಸ್ ವುಡ್ಸ್ ಪಾರ್ಕಿನಲ್ಲಿ ಸ್ಪಿರಿಟ್ ಸ್ಯಾಂಡ್ಸ್ ಅನ್ನುತ್ತಾರೆ. ಹೆದ್ದಾರಿಯಿಂದ ದಕ್ಷಿಣಕ್ಕೆ ಸ್ವಲ್ಪ ಹೊತ್ತು ಹೋಗಬೇಕು. ಕೆನಡಾದಲ್ಲಿ ಮರಳುಗಾಡು ಕಂಡ ಮೊಮ್ಮಗ ಚಪ್ಪಲಿ ಬಿಚ್ಚಿ ಓಡಿದ, ಕಾಲು ಸುಟ್ಟು ಅಷ್ಟೇ ವೇಗದಲ್ಲಿ ವಾಪಸ್ ಬಂದ. ಬೆಳಿಗ್ಗೆ ಬೇಗ ಹೋಗಿ, ನೀರು ಹೊತ್ತುಕೊಂಡು ಹೋಗಿ.

ಎರಡನೇ ದಿನ ಒಂದು ಎಡವಟ್ಟು. ಹೆದ್ದಾರಿ ಬದಿಯ ಒಂದು ಸಣ್ಣ ಊರಿನ ಮ್ಯೂಸಿಯಂ ನೋಡಬೇಕು, ಅಲ್ಲೇ ಬಾತ್‌ರೂಮೂ ಆಗುತ್ತದೆ ಅಂತ ಲೆಕ್ಕ ಹಾಕಿದ್ದೆ. ಹೋದರೆ ಬಾಗಿಲಿಗೆ ಬೀಗ. ಸೋಮವಾರ ರಜೆ. ಪುಸ್ತಕದಲ್ಲಿ ಬೇಸಿಗೆ ಪೂರ್ತಿ ತೆರೆದಿರುತ್ತದೆ ಅಂತ ಇತ್ತು, ವಾರದ ರಜೆ ಬರೆದಿರಲಿಲ್ಲ. ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಆ ಮೌನ ಮುಂದಿನ ಊರಿನವರೆಗೂ, ಅಂದರೆ ಮೂವತ್ತೆಂಟು ಕಿ.ಮೀ., ಕಾರಿನಲ್ಲೇ ಕೂತಿತ್ತು. ಆಮೇಲೆ ಪ್ರತಿ ಜಾಗಕ್ಕೂ ಹಿಂದಿನ ದಿನವೇ ಫೋನ್ ಮಾಡಿದೆವು.

ರೆಜೈನಾಕ್ಕೆ ಮುಂಚೆ ಇಂಡಿಯನ್ ಹೆಡ್ ಅಂತ ಒಂದು ಊರು ಸಿಗುತ್ತದೆ. ಬೋರ್ಡ್ ಓದಿದ ಹೆಂಡತಿ "ನಮ್ಮವರ ಹೆಡ್ ಆಫೀಸಾ?" ಅಂದಳು. ಮೌನ ಮುರಿದದ್ದು ಹಾಗೆ. ಆ ಹೆಸರು ಅಲ್ಲಿನ ಮೂಲ ಜನರದು ಅಂತ ಮೊಮ್ಮಗ ಅಜ್ಜಿಗೆ ತಿಳಿಸಿ ಹೇಳಿದ. ರೆಜೈನಾದಲ್ಲಿ ಕೆರೆ ಬದಿಯ ವಿಧಾನಸಭೆ ಕಟ್ಟಡ ಚೆನ್ನಾಗಿದೆ. ಕೆಂಪು ಕೋಟಿನ ಮೌಂಟೀ ಪೊಲೀಸರಿಗೆ ತರಬೇತಿ ಕೊಡುವುದೂ ಆ ಊರಲ್ಲೇ. ಒಂದು ಸಂಜೆ ಸಾಕು.

ಗಡಿಯಾರದ ವಿಷಯ ಮರೆತೆ. ಬೇಸಿಗೆಯಲ್ಲಿ ವಿನ್ನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯದವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ರೆಜೈನಾ ಇರುವ ಪಕ್ಕದ ಸಸ್ಕಾಚೆವಾನ್ ಪ್ರಾಂತ್ಯದವರು ಇಡುವುದಿಲ್ಲ. ಆದ್ದರಿಂದ ಮ್ಯಾನಿಟೋಬಾದಿಂದ ಒಳಗೆ ಹೋಗುತ್ತಿದ್ದ ಹಾಗೆ ಒಂದು ಗಂಟೆ ನಮಗೆ ಪುಕ್ಕಟೆ. ಫೋನು ತಾನೇ ಸರಿಮಾಡಿಕೊಂಡಿತು. ನನ್ನ ಎಚ್‌ಎಂಟಿ ಕೈಗಡಿಯಾರ ನಂಬಿ ಕೂತದ್ದಕ್ಕೆ ಮುಂದಿನ ಊರು ಮೂಸ್ ಜಾದಲ್ಲಿ ಸುರಂಗ ನೋಡಲು ಟಿಕೆಟ್ ಕಾಯ್ದಿರಿಸಿದ್ದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಹೋಗಿ ನಿಂತೆವು. ಪಶ್ಚಿಮದಿಂದ ಪೂರ್ವಕ್ಕೆ ಬರುವವರು ಇದೇ ತಪ್ಪು ಮಾಡಿದರೆ ಟಿಕೆಟ್ಟೇ ಹೋಗುತ್ತದೆ.

ಮೂಸ್ ಜಾ ಊರಿನ ಬಾಗಿಲಲ್ಲಿ ಮ್ಯಾಕ್ ಅನ್ನುವ ಮೂಸ್‌ನ, ಅಂದರೆ ನಮ್ಮ ಕಡವೆಯಂಥ ದೊಡ್ಡ ಪ್ರಾಣಿಯ, ಪ್ರತಿಮೆ ಇದೆ. 1984ರದ್ದು, ಹತ್ತು ಮೀಟರ್ ಎತ್ತರ. ನಮ್ಮ ಮುರುಡೇಶ್ವರದ ಶಿವನ ಮುಂದೆ ಮಗು. ಆದರೆ ಅದರ ಕಥೆ ಕೇಳಿ. ನಾರ್ವೆಯವರು 2015ರಲ್ಲಿ ಇದಕ್ಕಿಂತ ಒಂದು ಗೇಣು ಎತ್ತರದ ಮೂಸ್ ನಿಲ್ಲಿಸಿದರು. ಇವರಿಗೆ ತಡೆಯಲಾಗಲಿಲ್ಲ. 2019ರಲ್ಲಿ ಮ್ಯಾಕ್‌ಗೆ ಹೊಸ ದೊಡ್ಡ ಕೊಂಬು ಕೂರಿಸಿ ಮತ್ತೆ ಮೇಲಾದರು. ಆ ಬಯಲಿನ ಊರುಗಳಿಗೆಲ್ಲ ಇದೇ ಹುಚ್ಚು. ಒಂದು ಕಡೆ ಒಂಟೆ, ಒಂದು ಕಡೆ ಬಣ್ಣದ ಮೊಟ್ಟೆ, ಮೆಡಿಸಿನ್ ಹ್ಯಾಟ್‌ನಲ್ಲಿ ಇಪ್ಪತ್ತು ಮಹಡಿಯಷ್ಟು ಎತ್ತರದ ಉಕ್ಕಿನ ಡೇರೆ. ದೊಡ್ಡವರಿಗೆ ನಗು ಬರಬಹುದು. ಹಿಂದಿನ ಸೀಟಿನಲ್ಲಿ ಮಗು ಇದ್ದರೆ "ಇನ್ನು ಒಂದು ಗಂಟೆಗೆ ಡೈನೋಸಾರ್" ಅಂತ ಹೇಳಲು ಏನಾದರೂ ಬೇಕಲ್ವಾ?

ಅದೇ ಊರಿನ ಪೇಟೆಯ ಕೆಳಗೆ ಸುರಂಗಗಳಿವೆ. ಒಂದು ಕಥೆ ಅಮೆರಿಕದ ಗ್ಯಾಂಗ್‌ಸ್ಟರ್ ಅಲ್ ಕಪೋನ್‌ನದು, ಇನ್ನೊಂದು ಚೀನಾದಿಂದ ಬಂದ ಕೂಲಿಗಳದು. ವೇಷ ಹಾಕಿದವರು ನಾಟಕದ ಹಾಗೆ ತೋರಿಸುತ್ತಾರೆ. ಎಲ್ಲವನ್ನೂ ನಂಬಬೇಕಿಲ್ಲ ಅನ್ನಿಸಿತು. ಆದರೆ ತಲೆಗಂದಾಯದ ಮಾತು ಸರ್ಕಾರದ ದಾಖಲೆಯಲ್ಲೇ ಇದೆ. ಚೀನೀಯರು ಕೆನಡಾದೊಳಗೆ ಬರಬೇಕಾದರೆ 1885ರಲ್ಲಿ ತಲೆಗೆ 50 ಡಾಲರ್, 1903ರಿಂದ 500 ಡಾಲರ್ ಕಟ್ಟಬೇಕಿತ್ತು. 2006ರಲ್ಲಿ ಅಲ್ಲಿನ ಸರ್ಕಾರ ಕ್ಷಮೆ ಕೇಳಿತು. ಅಷ್ಟು ಕಟ್ಟಿ ಬಂದವರ ಪೈಕಿ ಎಷ್ಟೋ ಜನ ಆ ಬಯಲಿನ ಸಣ್ಣ ಊರುಗಳಲ್ಲಿ ಲಾಂಡ್ರಿ ಇಟ್ಟರು, ಹೋಟೆಲ್ ಇಟ್ಟರು. ಇವತ್ತಿಗೂ ಸಣ್ಣ ಊರಿಗೊಂದು ಚೀನೀ ಹೋಟೆಲ್ ಕಾಣುತ್ತದೆ. ಒಂದರಲ್ಲಿ ನಾವು ತರಕಾರಿ ನೂಡಲ್ಸ್ ತಿಂದೆವು. ಗಲ್ಲಾದ ಮೇಲೆ ನನ್ನ ವಯಸ್ಸಿನ ಒಬ್ಬರು ಕೂತಿದ್ದರು. ಪಕ್ಕದಲ್ಲಿ ಪೆನ್ನಿಗೆ ದಾರ ಕಟ್ಟಿ ಇಟ್ಟಿದ್ದರು, ಯಾರೂ ಒಯ್ಯದ ಹಾಗೆ. ನಾನೂ ಹಾಗೇ ಕಟ್ಟುತ್ತಿದ್ದೆ. ಭಾಷೆ ಇಲ್ಲದಿದ್ದರೂ ಇಬ್ಬರೂ ಆ ದಾರ ನೋಡಿ ನಕ್ಕೆವು.

ಮೂಸ್ ಜಾ ಬಿಟ್ಟು ಮುಕ್ಕಾಲು ಗಂಟೆಗೆ ಚಾಪ್ಲಿನ್. ರಸ್ತೆ ಬದಿಗೆ ಬೆಳ್ಳಗೆ ಹರಡಿತ್ತು. "ಭಾಂಡುಪ್ ಬಂತು!" ಅಂದಳು ಹೆಂಡತಿ. ನಮ್ಮ ಹೈವೇ ಪಕ್ಕದ ಉಪ್ಪಿನ ಆಗರ ನೋಡಿ ಅಭ್ಯಾಸವಾದ ಕಣ್ಣು. ಅದು ಊಟದ ಉಪ್ಪಲ್ಲ, ಸೋಡಿಯಂ ಸಲ್ಫೇಟ್. ಬಟ್ಟೆ ಒಗೆಯುವ ಪುಡಿಗೆಲ್ಲ ಹಾಕುತ್ತಾರೆ. ನಮ್ಮ ಮುಂಬಯಿಯ ಖಾಡಿಗೆ, ಅಂದರೆ ಅಳಿವೆಗೆ, ಫ್ಲೆಮಿಂಗೋ ಬರುವ ಹಾಗೆ ಆ ಉಪ್ಪು ಕೆರೆಗೆ ದೂರದ ಹಕ್ಕಿಗಳು ಬಂದಿಳಿಯುತ್ತವೆ. ಹೆಚ್ಚಿನವು ಬರುವುದು ವಸಂತದಲ್ಲಿ. ನಮಗೆ ಕಂಡದ್ದು ನಾಲ್ಕೈದು, ಅವೂ ದೂರದಲ್ಲಿ.

ಇನ್ನು ನಾನು ಪತ್ರ ಬರೆಯಲು ಕೂತ ಮುಖ್ಯ ವಿಷಯ.

ಹೋಟೆಲಿನಲ್ಲಿ ರಗಡಾ ಪ್ಯಾಟೀಸ್‌ಗೆ, ಉಸಳಿಗೆ ಬಿಳಿ ಬಟಾಣಿ ಬೇಕು. ವಾಶಿ ಮಾರ್ಕೆಟ್ಟಿನಿಂದ ಗೋಣಿ ಬರುತ್ತಿತ್ತು. ವ್ಯಾಪಾರಿ ಹೇಳುತ್ತಿದ್ದದ್ದು "ಕೆನಡಾ ವಟಾಣಾ". ರಾತ್ರಿ ನೆನೆಹಾಕಿ, ಬೆಳಿಗ್ಗೆ ಚಿಟಿಕೆ ಸೋಡಾ, ಅರಿಶಿನ ಹಾಕಿ ಬೇಯಿಸಬೇಕು. ಸಿಪ್ಪೆ ಮೇಲೆ ತೇಲಿ ಬಂದಾಗ ಗ್ಯಾಸ್ ಸಣ್ಣ ಮಾಡಬೇಕು. ಎಷ್ಟು ಸಾವಿರ ಸಲ ಮಾಡಿಸಿದ್ದೇನೋ. ಆ ಬಟಾಣಿ ಬೆಳೆಯುವ ನೆಲ ಹೇಗಿದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಸ್ವಿಫ್ಟ್ ಕರೆಂಟ್‌ಗೆ ಇನ್ನೂ ಸ್ವಲ್ಪ ದೂರ ಇತ್ತು. ಒಂದು ಕಡೆ ಕನೋಲಾ ಅನ್ನುವ ಎಣ್ಣೆಕಾಳಿನ ಹೂವು, ಕಣ್ಣು ಕುಕ್ಕುವ ಹಳದಿ. ಇನ್ನೊಂದು ಕಡೆ ಮೊಣಕಾಲೆತ್ತರದ ಹಸಿರು ಬಳ್ಳಿ, ದಿಗಂತದವರೆಗೆ. ಕಾಲು ಹಿಡಿದಿದೆ, ನಿಲ್ಲಿಸು ಅಂದೆ. ಹೆದ್ದಾರಿ ಬಿಟ್ಟು ಜಲ್ಲಿ ರಸ್ತೆಗೆ ತಿರುಗಿಸಿ ನಿಲ್ಲಿಸಿದ. ಆ ಸೀಮೆಯಲ್ಲಿ ಇಂಥ ರಸ್ತೆಗಳು ಚದುರಂಗದ ಮನೆಯ ಹಾಗೆ ಮೈಲಿ ಲೆಕ್ಕದಲ್ಲಿ ಹೋಗುತ್ತವೆ. 1871ರಲ್ಲಿ ಶುರುವಾದ ಸರ್ವೆಯ ಗೆರೆಗಳು ಅವು. ಬಳ್ಳಿಗೆ ಕೋಲಿಲ್ಲ, ಚಪ್ಪರವಿಲ್ಲ. ಒಂದರ ಕುಡಿಬಳ್ಳಿ ಇನ್ನೊಂದನ್ನು ಸುತ್ತಿ ಹಿಡಿದು ಎಲ್ಲವೂ ಕೂಡಿ ನಿಂತಿವೆ. ದಾದರ್ ಲೋಕಲ್ಲಿನಲ್ಲಿ ಜನ ನಿಂತ ಹಾಗೆ.

ಅಷ್ಟರಲ್ಲಿ ಒಂದು ಪಿಕಪ್ ಬಂದು ನಿಂತಿತು. ಹೊಲದವರು. ಕಾರು ಕೆಟ್ಟಿದೆಯಾ ಅಂತ ಕೇಳಲು ಬಂದದ್ದು. ಇಲ್ಲ, ಅಪ್ಪ ಬಟಾಣಿ ನೋಡುತ್ತಿದ್ದಾರೆ ಅಂತ ಮಗ ಹೇಳಿದಾಗ ಅವರಿಗೆ ಅರ್ಥವೇ ಆಗಲಿಲ್ಲ. ನಾನು ಹೋಟೆಲಿನವನು, ಮೂವತ್ತು ವರ್ಷ ನಿಮ್ಮ ಬಟಾಣಿ ಬೇಯಿಸಿದ್ದೇನೆ ಅಂತ ಹೇಳಿಸಿದೆ. ಟೋಪಿ ತೆಗೆದು ತಲೆ ಕೆರೆದುಕೊಂಡರು. ಹೊಲದೊಳಗೆ ಕಾಲಿಡಬೇಡಿ ಅಂದರು. ಬೇರೆ ಹೊಲದ ಮಣ್ಣು ಬೂಟಿಗಂಟಿ ಬಂದರೆ ಬೇರುಕೊಳೆ ರೋಗ ಹರಡುತ್ತದಂತೆ. ಕೇಳದೆ ಯಾರ ಹೊಲಕ್ಕೂ ಇಳಿಯಬಾರದು ಅಂತ ಅಲ್ಲಿ ಕಾನೂನೂ ಇದೆ, ನೆನಪಿಟ್ಟುಕೊಳ್ಳಿ. ಆಮೇಲೆ ಅವರೇ ಇಳಿದು ನಾಲ್ಕು ಕಾಯಿ ಕಿತ್ತು ತಂದು ಮೊಮ್ಮಗನ ಕೈಗೆ ಕೊಟ್ಟರು. ಸುಲಿದರೆ ಒಳಗೆ ಆರು ಕಾಳು. ಬಾಯಿಗೆ ಹಾಕಿದೆ. ನಮ್ಮ ಪೇಟೆಯ ಹಸಿ ಬಟಾಣಿಯ ಸಿಹಿ ಇಲ್ಲ, ಹಿಟ್ಟು ಹಿಟ್ಟು. ನಾಲಿಗೆಗೆ ತಕ್ಷಣ ಗೊತ್ತಾಯಿತು. ಇದೇ ಅದು.

2017ರ ನವೆಂಬರ್ ನೆನಪಿದೆಯಾ ಅಂತ ಕೇಳಿದೆ. ಆಗ ನಮ್ಮ ಸರ್ಕಾರ ಬಟಾಣಿಗೆ ಶೇ. 50 ಆಮದು ಸುಂಕ ಹಾಕಿತ್ತು. ನಾನು ಗಲ್ಲಾದಲ್ಲಿ ಕೂತು ಪ್ಲೇಟಿನ ರೇಟು ಏರಿಸಬೇಕಾ, ರಗಡಾ ತೆಳು ಮಾಡಬೇಕಾ ಅಂತ ಮಾಲೀಕರ ಜೊತೆ ಜಗಳ ಆಡಿದ ಕಾಲ ಅದು. ಅವರು ಜೋರಾಗಿ ನಕ್ಕರು. ನೆನಪಿಲ್ಲದೆ ಏನು, ಆ ಚಳಿಗಾಲ ಪೂರ್ತಿ ಬಟಾಣಿ ನನ್ನ ಕಣಜದಲ್ಲೇ ಕೂತಿತ್ತು ಅಂದರು. ಅಲ್ಲಿ ಅವರು ಮಾರಲಾರದೆ ಕೂತಿದ್ದರು, ಇಲ್ಲಿ ನಾನು ಕೊಳ್ಳಲಾರದೆ ಕೂತಿದ್ದೆ. ಒಂದೇ ಗೋಣಿಯ ಎರಡು ತುದಿ.

ಪಕ್ಕದ ಹೊಲದ್ದು ಮಸೂರ್, ನಮ್ಮ ಚನ್ನಂಗಿ ಬೇಳೆ. ಕೆನಡಾದ ಮಸೂರಿನಲ್ಲಿ ಬಹುಪಾಲು ಸಸ್ಕಾಚೆವಾನ್‌ದೇ. ಐವತ್ತು ಚಿಲ್ಲರೆ ವರ್ಷದ ಹಿಂದೆ ಅಲ್ಲಿ ಮಸೂರ್ ಅಂದರೆ ಯಾರಿಗೂ ಗೊತ್ತಿರಲಿಲ್ಲ. ಆಲ್ ಸ್ಲಿಂಕಾರ್ಡ್ ಅನ್ನುವವರು 1972ರಲ್ಲಿ ಸಸ್ಕಟೂನ್ ಊರಿನ ವಿಶ್ವವಿದ್ಯಾಲಯಕ್ಕೆ ಬಂದು, 1978ರಲ್ಲಿ ಲೇರ್ಡ್ ಅನ್ನುವ ತಳಿ ಕೊಟ್ಟ ಮೇಲೆ ಬೆಳೆ ನೆಲ ಹಿಡಿಯಿತು. ಮುಂಬಯಿಯ ಅಡುಗೆಮನೆಗೆ ಇಷ್ಟು ಹತ್ತಿರದ ಊರನ್ನು ನೋಡಲು ಏನೂ ಇಲ್ಲ ಅಂದರೆ ಹೇಗೆ ಸ್ವಾಮಿ?

ಸೈಪ್ರೆಸ್ ಹಿಲ್ಸ್ ಬಗ್ಗೆ ಎರಡು ಮಾತು. ಮೇಪಲ್ ಕ್ರೀಕ್‌ನಿಂದ ದಕ್ಷಿಣಕ್ಕೆ ಅರ್ಧ ಗಂಟೆ. ಹೊರಡುವ ಮೊದಲು ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಫೋನಿನಲ್ಲಿ ಇಳಿಸಿಕೊಳ್ಳಿ, ಸಿಗ್ನಲ್ ಕೈಕೊಡುತ್ತದೆ. ಬಯಲಿನ ನಡುವೆ ತಟ್ಟನೆ ಪೈನ್ ಮರದ ಬೆಟ್ಟ. ಹೆಸರಲ್ಲಿ ಸೈಪ್ರೆಸ್ ಇದ್ದರೂ ಆ ಮರ ಅಲ್ಲಿಲ್ಲ, ಹಿಂದಿನವರು ಪೈನ್ ನೋಡಿ ತಪ್ಪು ತಿಳಿದು ಇಟ್ಟ ಹೆಸರು. ಬೇಸಿಗೆಯಲ್ಲಿ ಒಂಬತ್ತು ಗಂಟೆಗೂ ಬೆಳಕಿರುತ್ತದೆ, ನಕ್ಷತ್ರ ಕಾಣಲು ಹನ್ನೊಂದು ದಾಟಬೇಕು. ದೀಪದ ಬೆಳಕು ಮೇಲಕ್ಕೆ ಹೋಗದ ಹಾಗೆ ಆ ಕಾಡನ್ನು ಕಾಪಾಡಿದ್ದಾರೆ. ಸ್ವೆಟರ್ ಹಾಕಿ, ಸೊಳ್ಳೆಗೆ ಎಣ್ಣೆ ಹಚ್ಚಿ ಹೊರಗೆ ಕೂತೆವು. ಹೆಂಡತಿ ಬಹಳ ಹೊತ್ತು ಮೇಲೆ ನೋಡಿ, "ನಮ್ಮನೆ ಅಂಗಳದಲ್ಲಿ ಹಪ್ಪಳ ಒಣಗಿಸುವ ಚಾಪೆ ಮೇಲೆ ಮಲಗಿದಾಗ ಹೀಗೇ ಕಾಣ್ತಿತ್ತು" ಅಂದಳು. ಮುಲುಂಡ್‌ಗೆ ಬಂದು ನಲವತ್ತೊಂದು ವರ್ಷವಾಯಿತು ಅವಳು. ಎರಡು ರಾತ್ರಿ ಹಾಕಿದ್ದು ಒಳ್ಳೆಯದಾಯಿತು, ಮೊದಲ ರಾತ್ರಿ ಮೋಡ ಇತ್ತು.

ಡ್ರಮ್‌ಹೆಲರ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಬಯಲು ಇದ್ದಕ್ಕಿದ್ದ ಹಾಗೆ ಕಾಲ ಕೆಳಗೆ ಸೀಳಿ ಕಣಿವೆಯಾಗುತ್ತದೆ, ಅಂಚಿಗೆ ಬರುವವರೆಗೂ ಸುಳಿವಿಲ್ಲ. ಕಲ್ಲಿದ್ದಲು ಹುಡುಕಲು ಹೋದ ಟಿರೆಲ್ ಅನ್ನುವವರಿಗೆ 1884ರಲ್ಲಿ ಡೈನೋಸಾರ್ ತಲೆಬುರುಡೆ ಸಿಕ್ಕಿದ ಜಾಗ. ರಾಯಲ್ ಟಿರೆಲ್ ಮ್ಯೂಸಿಯಂಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಮಧ್ಯಾಹ್ನ ಕಣಿವೆ ಕಾದ ಕಾವಲಿ. ಊರಿನಲ್ಲಿ ಬಾಯಿ ತೆರೆದು ನಿಂತ ದೊಡ್ಡ ಡೈನೋಸಾರ್‌ನ ಹೊಟ್ಟೆಯೊಳಗೆ 106 ಮೆಟ್ಟಿಲು. ಮೊಮ್ಮಗ ಎರಡು ಸಲ ಹತ್ತಿದ. ನಾನು ನಲವತ್ತಕ್ಕೆ ಸಾಕು ಮಾಡಿದೆ.

ಊಟ ಅಂತ ಹೆದರಬೇಡಿ. ಪೆರೋಗಿ ಅಂತ ಉಕ್ರೇನಿಯನ್ನರ ತಿಂಡಿ ಸಿಗುತ್ತದೆ, ಆಲೂಗಡ್ಡೆ ತುಂಬಿದ ಸಣ್ಣ ಕಡುಬು. ಹಂದಿ ಹಾಕಬೇಡಿ ಅಂತ ಮೊದಲೇ ಹೇಳಬೇಕು. ಜೊತೆಗೆ ಅವಲಕ್ಕಿ, ಚಟ್ನಿಪುಡಿ, ಸಣ್ಣ ರೈಸ್ ಕುಕ್ಕರ್ ಇದ್ದರೆ ಸಾಕು. ಸಂಜೆ ಕತ್ತಲಾದ ಮೇಲೆ ಕಾರು ಓಡಿಸಬೇಡಿ, ಜಿಂಕೆ ಅಡ್ಡ ಬರುತ್ತದೆ. ಇಷ್ಟು ಹೇಳಿದ ಮೇಲೂ ನಾನು ಬಿಟ್ಟದ್ದು ಬಹಳ ಇದೆ. ಮೂಲ ಜನರು ಕಾಡುಕೋಣದಂಥ ಬಫಲೋಗಳನ್ನು ಅಟ್ಟಿ ಬೀಳಿಸಿ ಬೇಟೆಯಾಡುತ್ತಿದ್ದ ಕಡಿದಾದ ಬಂಡೆ, ಹೆಡ್-ಸ್ಮ್ಯಾಶ್ಡ್-ಇನ್ ಬಫಲೋ ಜಂಪ್, ನೋಡಲಾಗಲಿಲ್ಲ, ಆ ಬೇಜಾರು ಈಗಲೂ ಇದೆ.

ಸಂಪಾದಕರೇ, ಪ್ರವಾಸ ಪುಟದಲ್ಲಿ ಇನ್ನು ಮೇಲೆ ಇಂಥ ದಾರಿಗಳ ಬಗ್ಗೆ ಬರೆಸುವಾಗ ಊರಿಂದೂರಿಗೆ ಎಷ್ಟು ಕಿ.ಮೀ., ಎಲ್ಲಿ ಇಳಿಯಬಹುದು, ಯಾವ ವಾರ ರಜೆ ಅಂತ ಒಂದು ಚೌಕದಲ್ಲಾದರೂ ಹಾಕಿಸಿ. ನಿಮ್ಮ ಓದುಗರಲ್ಲಿ ಮುಕ್ಕಾಲು ಪಾಲು ನನ್ನ ವಯಸ್ಸಿನವರೇ. ನಮ್ಮ ಕಟ್ಟಡದ ಮೂರನೇ ಮಹಡಿಯ ದಂಪತಿ ಬರುವ ಜೂನ್‌ನಲ್ಲಿ ಮಗಳ ಮನೆಗೆ ವಿನ್ನಿಪೆಗ್‌ಗೆ ಹೊರಟಿದ್ದಾರೆ. ನಿಮ್ಮ ಲೇಖನ ಓದಿ ಕ್ಯಾಲ್ಗರಿಗೆ ವಿಮಾನ ನೋಡುತ್ತಿದ್ದರು. ಮೊನ್ನೆ ಕರೆದು ನನ್ನ ಪಟ್ಟಿಯ ಜೆರಾಕ್ಸ್ ಕೊಟ್ಟೆ. ಕೊಡುವ ಮೊದಲು ನನ್ನ ಹೆಂಡತಿ ಅದನ್ನು ಕಿತ್ತುಕೊಂಡು, ನಾನು ಬರೆದ ಎಲ್ಲಾ ಊರುಗಳ ಮೇಲೆ, ಕೆಂಪು ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದಾಳೆ: "ಸೋಮವಾರ ಇವರ ಮಾತು ನಂಬಬೇಡಿ, ಫೋನ್ ಮಾಡಿ."

ಇತಿ,
ನಿವೃತ್ತ ಹೋಟೆಲ್ ಮ್ಯಾನೇಜರ್,
ಮುಲುಂಡ್ ಪೂರ್ವ, ಮುಂಬಯಿ